ಕೆರೆಯಂಚಿನ ಮನೆಗಳು



ಮನುಷ್ಯ ಮನೆ ಕಟ್ಟುವಾಗ ಮೊದಲು ಹುಡುಕುವುದು ನೀರನ್ನು. ನನ್ನ ಊರು ಘತ್ತರಗಿ, ಭೀಮಾ ತೀರದ್ದು. ಅಲ್ಲಿ ನೀರೆಂದರೆ ತಾಯಿಯೂ ಹೌದು, ಭಯವೂ ಹೌದು. ಆದ್ದರಿಂದ ನಮ್ಮ ಹಿರಿಯರು ಹೊಳೆಗೆ ಕೈಮುಗಿದು, ತುಸು ದೂರ ಸರಿದು, ಕಲ್ಲುಮಣ್ಣಿನ ದಪ್ಪ ಗೋಡೆ ಎಬ್ಬಿಸಿ, ಮೇಲೆ ಮಣ್ಣಿನ ಮಾಳಿಗೆ ಹೊದಿಸಿ ಬಾಳಿದರು. ನೀರನ್ನು ಕಿಟಕಿಯಿಂದ ನೋಡಿ ಸಂತೋಷಪಡುವುದಕ್ಕೆಂದೇ ಕಟ್ಟಿದ ಮನೆಗಳನ್ನು ನಾನು ಕಂಡದ್ದು ಕನ್ನಡ ಎಂ.ಎ. ಓದಲು ಮೈಸೂರಿನ ಮಾನಸಗಂಗೋತ್ರಿಗೆ ಹೋದಾಗ. ಕುಕ್ಕರಹಳ್ಳಿ ಕೆರೆಯ ಸುತ್ತಣ ಆ ಮನೆಗಳನ್ನು ಕುರಿತು ಇಂದು ನಾಲ್ಕು ಮಾತು.

ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಬಂಗಲೆಗಳ ಚೆಲುವು ಆಗ ಯಾರ ಮನಸ್ಸಿನಲ್ಲೂ ಇರಲಿಲ್ಲ; ಬೇಕಾದದ್ದು ಹೊಲಗದ್ದೆಗಳಿಗೆ ನೀರು. ಮೂವತ್ತೈದು ವರ್ಷಗಳೊಳಗೆ ಮೈಸೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಹಳೆಯ ಕೇರಿಗಳನ್ನು ಸಡಿಲಗೊಳಿಸಿ, ಗಾಳಿಬೆಳಕಿನ ಬಡಾವಣೆಗಳನ್ನು ಮಾಡಲು 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಒಂಟಿಕೊಪ್ಪಲು, ಜಯಲಕ್ಷ್ಮೀಪುರ, ಯಾದವಗಿರಿ, ಸರಸ್ವತೀಪುರಗಳು ಒಂದೊಂದಾಗಿ ಬೆಳೆದವು. ಇಂದು ಉಳ್ಳವರ ನೆಲೆಯೆನಿಸಿದ ಈ ವಿಶಾಲ ರಸ್ತೆಗಳ ಹಿಂದೆ ಸಾವಿನ ಭಯವೊಂದಿತ್ತೆಂಬುದನ್ನು ಮರೆಯಬಾರದು.

ಕೆರೆಯ ಪಕ್ಕದ ದಿಬ್ಬದ ಮೇಲಿರುವ ಜಯಲಕ್ಷ್ಮೀವಿಲಾಸ 1905ರದು. ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಮನೆ ಇದು. ಅವರನ್ನು ಕೈಹಿಡಿದವರು ಮುಂದೆ ದಿವಾನರಾದ ಎಂ. ಕಾಂತರಾಜ ಅರಸು. ಜೋಡಿ ಕಂಬಗಳು, ಮರದ ಕೆತ್ತನೆ, ಬಣ್ಣದ ಗಾಜು ಎಲ್ಲವೂ ಅಲ್ಲುಂಟು. ಆ ಕಾಲದ ಮೈಸೂರಿನಲ್ಲಿ ಶಿಲ್ಪಿಗಳೆಂದೊಡನೆ ನೆನಪಾಗುವ ಹೆಸರುಗಳು ಎರಡು: 1912ರಲ್ಲಿ ಪೂರ್ಣವಾದ ಅಂಬಾವಿಲಾಸ ಅರಮನೆಯ ಹೆನ್ರಿ ಇರ್ವಿನ್, 1921ರಲ್ಲಿ ಅಡಿಗಲ್ಲು ಬಿದ್ದ ಲಲಿತಮಹಲಿನ ಫ್ರಿಚ್ಲಿ. ಅವರಿಬ್ಬರ ಪ್ರತಿಭೆಯ ಬಗ್ಗೆ ನನಗೆ ಗೌರವವಿದೆ. ಆದರೆ ನಕ್ಷೆ ಬರೆದ ಕೈ ಒಂದಾದರೆ, ಆ ನಕ್ಷೆಯನ್ನು ಬಾಗಿಲ ತಲೆಪಟ್ಟಿಯ ಮೇಲೆ ಬಳ್ಳಿಯಾಗಿ ಹಬ್ಬಿಸಿದ ಉಳಿ ಮತ್ತೊಂದು. ನಕ್ಷೆಗಾರನ ಹೆಸರು ಗ್ರಂಥಗಳಲ್ಲಿ ನಿಂತಿತು. ಉಳಿ ಹಿಡಿದವನ ಹೆಸರು ಕೂಲಿಯ ಲೆಕ್ಕದೊಡನೆ ಹೋಯಿತು.

ಇಲ್ಲೊಂದು ಸೊಗಸಾದ ನ್ಯಾಯ ತಾನಾಗಿ ನಡೆಯಿತು. ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ವಿಶ್ವವಿದ್ಯಾನಿಲಯ ಕೆರೆಯ ಆಚೆ ದಡಕ್ಕೆ ಬಂತು. ಆ ನೆಲಕ್ಕೆ ಮಾನಸಗಂಗೋತ್ರಿಯೆಂದು ಹೆಸರಿಟ್ಟವರೂ ಅವರೇ. ಜಯಲಕ್ಷ್ಮೀವಿಲಾಸವೂ ವಿಶ್ವವಿದ್ಯಾನಿಲಯದ್ದಾಯಿತು. ಮುಂದೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ನೆಲೆಗೊಂಡಿತು. ರಾಜಕುಮಾರಿ ನಡೆದಾಡಿದ ಅಂಗಳಗಳಿಗೆ ಒಕ್ಕಲಿಗನ ಉಪಕರಣಗಳು, ಸೂತ್ರದ ಗೊಂಬೆಗಳು, ಯಕ್ಷಗಾನದ ಕಿರೀಟಗಳು ಬಂದವು. ಹೆಸರಿಲ್ಲದ ಕೈಗಳ ಕೆಲಸಕ್ಕೆ ಅರಮನೆಯೇ ಮನೆಯಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಕಟ್ಟಡದ ಜೀರ್ಣೋದ್ಧಾರವಾಯಿತು. ಆದರೂ ಮಾಡು ಮತ್ತೆ ಶಿಥಿಲವಾಯಿತು. ಒಮ್ಮೆ ರಿಪೇರಿ ಮಾಡಿ ಕೈತೊಳೆದುಕೊಳ್ಳುವವರಿಗೆ ಹಳೆಯ ಮನೆ ಒಲಿಯುವುದಿಲ್ಲ. ಪ್ರತಿ ಮಳೆಗಾಲಕ್ಕೂ ಅದನ್ನು ವಿಚಾರಿಸಿಕೊಳ್ಳಬೇಕು, ಮುಪ್ಪಿನ ತಾಯಿಯಂತೆ.

ಇನ್ನು ಇಬ್ಬರು ಲೇಖಕರ ಮನೆಗಳು. ಒಂಟಿಕೊಪ್ಪಲಿನಲ್ಲಿ ಕುವೆಂಪು ಅವರ 'ಉದಯರವಿ'. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮಹಡಿ ಮನೆ. ನಾರಾಯಣರು ಮೇಲಂತಸ್ತಿನಲ್ಲಿ ಸಾಲು ಕಿಟಕಿಗಳ, ಅರ್ಧವೃತ್ತದಂತಹ ಕೋಣೆಯೊಂದನ್ನು ಬರೆಯುವುದಕ್ಕೆಂದೇ ಕಟ್ಟಿಸಿಕೊಂಡರು. ಇಬ್ಬರಿಗೂ ಕುಕ್ಕರಹಳ್ಳಿ ಕೆರೆಯ ಏರಿ ನಡಿಗೆಯ ದಾರಿ. ಒಂದೇ ನೀರನ್ನು ನೋಡಿದ ಇಬ್ಬರಲ್ಲಿ ಒಬ್ಬರು ಕನ್ನಡದ ಮಹಾಕಾವ್ಯ ಬರೆದರು. ಇನ್ನೊಬ್ಬರು ಇಂಗ್ಲಿಷಿನಲ್ಲಿ ಮಾಲ್ಗುಡಿಯನ್ನು ಸೃಷ್ಟಿಸಿದರು.

2011ರಲ್ಲಿ ನಾರಾಯಣರ ಮನೆಯನ್ನು ಕೆಡವುವ ಕೆಲಸ ಆರಂಭವಾಗಿ, ಕೂಗೆದ್ದು, ನಿಂತಿತು. ಸಾರ್ವಜನಿಕ ಹಣದಿಂದ ಅದನ್ನು ಕೊಂಡು ಉಳಿಸಬೇಕೆಂದಾಗ ಕನ್ನಡದ ಕೆಲವು ಲೇಖಕರು ಆಕ್ಷೇಪಿಸಿದರು. ಕನ್ನಡದಲ್ಲಿ ಬರೆಯದವರಿಗೆ ಕನ್ನಡಿಗರ ಹಣವೇಕೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ನಮ್ಮ ಎಷ್ಟೋ ಕವಿಗಳ ಮನೆಗಳು ಗುರುತಿಲ್ಲದೆ ಹೋಗಿವೆ. ಆದರೂ ನನಗೆ ತೋರುವುದಿಷ್ಟು: ಭಾಷೆ ಬರಹಗಾರನದು, ಮನೆ ಊರಿನದು. ಅದರ ಇಟ್ಟಿಗೆ ಮೈಸೂರಿನದು, ಕಿಟಕಿಯಾಚೆಯ ಬೆಳಕು ಮೈಸೂರಿನದು. 2016ರಲ್ಲಿ ಆ ಮನೆ ಸಾರ್ವಜನಿಕರಿಗೆ ತೆರೆಯಿತು. ಒಬ್ಬರ ಮನೆ ಉಳಿದದ್ದನ್ನು ಹೊಟ್ಟೆಕಿಚ್ಚಿಗೆ ಕಾರಣ ಮಾಡಿಕೊಳ್ಳದೆ, ಉಳಿದವರ ಮನೆಗಳಿಗೆ ಅದನ್ನೇ ಮೇಲ್ಪಂಕ್ತಿಯಾಗಿ ತೋರಿಸಿ ಕೇಳುವುದು ಜಾಣತನ.

ಆದರೆ ಮನೆಗಳನ್ನು ಉಳಿಸಿ ಕೆರೆಯನ್ನು ಕಳೆದುಕೊಂಡರೆ? ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳು ಹಬ್ಬಿದಂತೆ ಅಲ್ಲಲ್ಲಿ ಮುಚ್ಚಿಹೋಯಿತು. ಕೆರೆಗೆ ಕೊಳಚೆ ನೀರು ಸೇರಿದ ಕಾಲವೂ ಉಂಟು. ನೀರಿನ ಚೆಲುವಿಗೆ ಮನಸೋತು ಬಂದ ಮನೆಗಳೇ ನೀರಿನ ದಾರಿಗೆ ಅಡ್ಡ ನಿಂತವು. ಯಾವ ನಕ್ಷೆಗಾರನೂ ಇದನ್ನು ಬರೆದುಕೊಟ್ಟಿರಲಿಲ್ಲ. ಎಲ್ಲರೂ ಕೂಡಿ ಕಟ್ಟಿದ ತಪ್ಪು ಇದು.

ಈ ಮಾತನ್ನು ಇಲ್ಲಿ, ಭೀಮೆಯ ಸೀಮೆಯಲ್ಲಿ ಏಕೆ ಆಡಬೇಕು? ಅಫಜಲಪುರ, ಆಳಂದ, ಜೇವರ್ಗಿಯ ಹಳ್ಳಿಗಳಲ್ಲಿಯೂ ವಾಡೆಗಳುಂಟು. ಶಹಾಬಾದಿ ಕಲ್ಲಿನ ನೆಲ, ಎತ್ತರದ ಪಡಸಾಲೆ, ಸಾಗುವಾನಿ ಕಂಬ, ಮಾಳಿಗೆಯ ಬೆಳಕಿಂಡಿ. ಬೇಸಗೆಯ ಉರಿಯಲ್ಲಿ ಯಾವ ಯಂತ್ರವೂ ಇಲ್ಲದೆ ತಂಪಾಗಿರುವ ಆ ಗೋಡೆಗಳ ಲೆಕ್ಕಾಚಾರ ಯಾವ ವಿದೇಶೀ ಶಿಲ್ಪಿಯದೂ ಅಲ್ಲ. ನಮ್ಮ ಒಡ್ಡರದು, ಬಡಿಗೇರರದು. 2020ರ ಅಕ್ಟೋಬರಿನ ಮಹಾಪೂರದಲ್ಲಿ ಭೀಮಾ ತೀರದ ಊರುಗಳ ಮನೆಗಳು ನೆನೆದವು, ಕುಸಿದವು. ನೆರೆಗೆ ಸಿಕ್ಕದವನ್ನು ಪಾಲುಪಟ್ಟಿ ತಿನ್ನುತ್ತಿದೆ. ಕೆತ್ತನೆಯ ಚೌಕಟ್ಟುಗಳು ಪಟ್ಟಣಕ್ಕೆ ಮಾರಾಟವಾಗುತ್ತವೆ, ಅಲ್ಲಿಯ ಹೊಸ ಬಂಗಲೆಯಲ್ಲಿ ಅಲಂಕಾರವಾಗಲು.

ಎಲ್ಲ ವಾಡೆಗಳನ್ನೂ ಉಳಿಸಿರೆಂದು ನಾನು ಹೇಳಲಾರೆ. ಬಾಳುವವರ ಕಷ್ಟ ಬಾಳುವವರಿಗೆ ಗೊತ್ತು. ಆದರೆ ಬೀಳುವ ಮುನ್ನ ಅಳತೆ ತೆಗೆದಿಡಬಹುದು, ಚಿತ್ರ ತೆಗೆದಿಡಬಹುದು. ಊರಿನ ಹಿರಿಯರನ್ನು, 'ಅಜ್ಜಾರ, ಈ ಕಂಬ ಕೆತ್ತಿದವರು ಯಾರು?' ಎಂದು ಕೇಳಿ ಬರೆದಿಡಬಹುದು. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರಿಗೆ ಇದು ಒಂದು ರಜೆಯ ಕೆಲಸ. ಮೈಸೂರಿನ ಅರಮನೆಗಳಲ್ಲಿ ಉಳಿಯದ ಹೆಸರು ನಮ್ಮ ಹಳ್ಳಿಗಳಲ್ಲಾದರೂ ಉಳಿಯಲಿ. ನೆನಪಿಟ್ಟುಕೊಂಡಿರುವ ಅಜ್ಜಂದಿರು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾರೆ. ಕೇಳುವವರು ಬೇಗ ಹೋಗಬೇಕು.