ಚಳಿಗಾಲದ ಲೆಕ್ಕ



ಚಳಿಗಾಲ ಬಂತೆಂದರೆ ಬ್ರಿಟನ್ನಿನ ಅನೇಕ ನಿವೃತ್ತರು ಮನೆಗೆ ಬೀಗ ಹಾಕಿ ಸ್ಪೇನಿಗೋ ನಮ್ಮ ಗೋವಾಕ್ಕೋ ಹೊರಡುತ್ತಾರೆ. ಇದರಲ್ಲಿ ಸುಖದ ಜೊತೆಗೆ ಲೆಕ್ಕವೂ ಇದೆ. ಅಲ್ಲಿ ಮನೆ ಬೆಚ್ಚಗಿಡಲು ಗ್ಯಾಸಿಗೂ ಕರೆಂಟಿಗೂ ಬಹಳ ಹಣ ಬೇಕು. ಆ ಖರ್ಚು ತಗ್ಗುತ್ತದೆ. ಪೌಂಡಿನ ಪಿಂಚಣಿ ಗೋವಾದಲ್ಲಿ ರೂಪಾಯಿಯಾದಾಗ ಹೆಚ್ಚು ದಿನ ಬರುತ್ತದೆ.

ನಮ್ಮ ಕಡೆಯ ತಳಿಗೂ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರಿದೆ. ಧನುರ್ಮಾಸದ, ಅಂದರೆ ತಮಿಳಿನ ಮಾರ್ಗಳಿಯ, ಮುಂಜಾವಿನ ಮಂಜಿನಲ್ಲಿ ವಯಸ್ಸಾದವರಿಗೆ ಆ ಹೆಸರು ನಿಜವೆನ್ನಿಸೀತು. ಹಾಗಾದರೆ ನಾವೂ ಹೊರದೇಶಕ್ಕೆ ಹೊರಡೋಣವೆ? ನಮ್ಮ ಪಿಂಚಣಿ ರೂಪಾಯಿಯದು. ದುಬೈ, ಸಿಂಗಪುರದಲ್ಲಿ ಬೇಗ ಕರಗಿಹೋಗುತ್ತದೆ. ಮನೆ ಕಾಯಿಸುವ ಖರ್ಚೂ ನಮಗಿಲ್ಲ. ಇಲ್ಲದ ಖರ್ಚನ್ನು ಉಳಿಸುವುದೆಂತು?

ಉಬ್ಬಸ, ಮಂಡಿನೋವು ಇದ್ದು ಚಳಿ ತಾಳದವರ ಮಾತು ಬೇರೆ. ಅವರೂ ಸಮುದ್ರ ದಾಟಬೇಕಿಲ್ಲ, ಘಟ್ಟ ಇಳಿದರೆ ಸಾಕು. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುಮಾರು 50 ಕಿಲೋಮೀಟರ್ ದೂರದ ಕೃಷ್ಣಗಿರಿ ಇರುವುದು ಸುಮಾರು 500 ಮೀಟರಿನಲ್ಲಿ. ಸಾವಿರ ಮೀಟರ್ ಇಳಿದರೆ ಸಾಮಾನ್ಯವಾಗಿ 6 ಡಿಗ್ರಿ ಶಾಖ ಏರುತ್ತದೆ. ಈ ಲೆಕ್ಕದಲ್ಲಿ ಅಲ್ಲಿ 2 ಡಿಗ್ರಿಗೂ ಹೆಚ್ಚು ಬೆಚ್ಚಗಿರಬೇಕು.

ಹೊರಡುವ ಮೊದಲು ಒಂದು ಕಾಗದದ ನಡುವೆ ಗೆರೆ ಎಳೆಯಿರಿ. ಒಂದು ಕಡೆ ನಿಲ್ಲುವ ಖರ್ಚು, ಇನ್ನೊಂದು ಕಡೆ ಹೊಸ ಖರ್ಚು ಬರೆಯಿರಿ. ಹಾಲು, ತರಕಾರಿ, ಔಷಧಿ ಎಲ್ಲಿದ್ದರೂ ಬೇಕು. ಇಲ್ಲಿಯ ಮನೆ ತೆರಿಗೆ ನಿಲ್ಲುವುದಿಲ್ಲ. ಅಲ್ಲಿಯ ಬಾಡಿಗೆ ತಿಂಗಳಿಗೆ 5,000 ರೂಪಾಯಿ ಎಂದಿಟ್ಟುಕೊಂಡರೂ ಎರಡು ತಿಂಗಳಿಗೆ 10,000 ಆಯಿತು, ಮುಂಗಡ ಬೇರೆ. ಉಳಿತಾಯದ ಕಡೆ ಬರೆಯಲು ಹೆಚ್ಚೇನೂ ಸಿಕ್ಕುವುದಿಲ್ಲ.

ಮಗಳ ಮನೆಗೋ ತಮ್ಮನ ಮನೆಗೋ ಹೋದರೆ ಬಾಡಿಗೆ ಉಳಿದೀತು. ಆದರೆ ಹಾಲಿನ, ದಿನಸಿಯ ಪಾಲನ್ನು ತಿಂಗಳ ಮೊದಲಲ್ಲೇ ಕೊಟ್ಟುಬಿಡಿ. ಕೇಳಿಸಿಕೊಂಡು ಕೊಟ್ಟ ಹಣಕ್ಕೆ ಮರ್ಯಾದೆ ಕಡಿಮೆ. ಬೇಡವೆಂದರೆ ಮೊಮ್ಮಕ್ಕಳ ಹೆಸರಿನಲ್ಲಿ ಕಟ್ಟಿರಿ.

ನವೆಂಬರಿನಲ್ಲಿ ಕೊಡುವ ಜೀವಿತ ಪ್ರಮಾಣಪತ್ರವನ್ನು ಮರೆಯಬೇಡಿ. 2014ರಲ್ಲಿ ಆಧಾರ್ ಮೂಲಕ ‘ಜೀವನ್ ಪ್ರಮಾಣ್’ ಬಂತು. 2021ರಲ್ಲಿ ಮೊಬೈಲಿಗೆ ಮುಖ ತೋರಿಸಿ ಕೊಡುವ ಅನುಕೂಲವೂ ಸೇರಿತು. ನಿಮ್ಮ ಪಿಂಚಣಿ ಕಚೇರಿ ಅದನ್ನು ಒಪ್ಪುವುದೇ ಎಂದು ಮೊದಲೇ ಕೇಳಿಕೊಳ್ಳಿ.

ಹಣ ಉಳಿಸಲೆಂದು ಯಾರೂ ಊರು ಬಿಡಬೇಡಿ. ಉಸಿರು ಉಳಿಸಲು ಬಿಡಬೇಕಾದರೆ ಅದು ಖರ್ಚೆಂದು ತಿಳಿದೇ ಬಿಡಿ. ಆ ಖರ್ಚಿಗೆ ಕೈ ಹಿಡಿಯಬೇಡಿ. ಚಳಿ ತಾಳಬಲ್ಲವರು ಸ್ವೆಟರ್ ಹಾಕಿಕೊಂಡು, ಬಿಸಿಲೇರಿದ ಮೇಲೆ ನಡೆದಾಡಿ ಇಲ್ಲೇ ಇರಿ. ಸೊಗಡಿನ ಅವರೆಕಾಯಿ ಬರುವ ಕಾಲವೂ ಇದೇ ಅಲ್ಲವೆ?