ಕಡಲ ಗಾಳಿ, ತಣ್ಣನೆಯ ತಂತಿ

ಆಷಾಢದಲ್ಲಿ ಹೊರನಾಡು, ಕಳಸ, ಮೂಡಿಗೆರೆಗಳ ಮೇಲೆ ಬೀಸುವ ಗಾಳಿ ಅರಬ್ಬೀ ಸಮುದ್ರದಿಂದ ಬಂದುದು. ಘಟ್ಟವನ್ನೇರುತ್ತ ಅದು ನಮಗೆ ಮಳೆ ಕೊಡುತ್ತದೆ. ಮರವನ್ನುರುಳಿಸಿ, ತಂತಿ ಕಡಿದು, ಮನೆಯ ದೀಪ ಆರಿಸುವುದೂ ಉಂಟು. ಅದೇ ಗಾಳಿಯಿಂದ ಕಡಲಿನಲ್ಲಿಯೇ ವಿದ್ಯುತ್ತನ್ನು ಪಡೆಯಬಹುದೆ? ಡೆನ್ಮಾರ್ಕಿನವರು 1991ರಲ್ಲಿಯೇ ಪಡೆದರು. ನಮ್ಮ ಕೇಂದ್ರ ಸರಕಾರವೂ 2024ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವಾಟಿನ ಯೋಜನೆಗೆ ನೆರವು ಮಂಜೂರು ಮಾಡಿತು.

ಕಡಲಿನಲ್ಲಿ ಕಂಬ ನಿಲ್ಲಿಸುವುದು ಬಹಳ ಖರ್ಚಿನ ಕೆಲಸ. ಆದುದರಿಂದ ಕಂಬಗಳು ಕೆಲವೇ ಇದ್ದು, ಒಂದೊಂದು ಗಾಳಿಯಂತ್ರವೂ ದೊಡ್ಡದಾಗಿರಬೇಕು. ತೊಡಕು ಹುಟ್ಟುವುದು ಇಲ್ಲಿಯೇ. ಕೊನೆಗಾರನು ಏರಿದ ಅಡಿಕೆ ಮರವನ್ನು ನೀವು ನೋಡಿದ್ದೀರಿ. ತುದಿಯಲ್ಲಿ ಭಾರ ಹೆಚ್ಚಿದಂತೆ ಮರ ಓಲಾಡುತ್ತದೆ. ಗಾಳಿಯಂತ್ರದ ಡೈನಮೋ ಕುಳಿತಿರುವುದೂ ಕಂಬದ ತುದಿಯಲ್ಲಿಯೇ. ರೆಕ್ಕೆ ಉದ್ದವಾದಷ್ಟೂ ನಿಧಾನವಾಗಿ ತಿರುಗುತ್ತದೆ. ನಿಧಾನವಾಗಿ ತಿರುಗಿಯೂ ಹೆಚ್ಚು ವಿದ್ಯುತ್ ಕೊಡಬೇಕಾದರೆ ಡೈನಮೋ ಭಾರಿಯಾಗಲೇಬೇಕು. ಇಂದಿನ ಅನೇಕ ಯಂತ್ರಗಳಿಗೆ ನಿಯೋಡೈಮಿಯಂ ಲೋಹ ಬೆರೆಸಿದ ಅಯಸ್ಕಾಂತಗಳೂ ಬೇಕು; ಅವಕ್ಕಾಗಿ ಲೋಕವು ಬಹುಮಟ್ಟಿಗೆ ಚೀನಾವನ್ನೇ ನೆಚ್ಚಿದೆ.

ಇದಕ್ಕೊಂದು ಪರಿಹಾರದ ಬೀಜ 1911ರಲ್ಲಿ ಹಾಲೆಂಡಿನಲ್ಲಿ ಮೊಳೆಯಿತು. ಕ್ಯಾಮರ್ಲಿಂಗ್ ಓನ್ಸ್ ಎಂಬ ವಿಜ್ಞಾನಿ ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿದಾಗ, ವಿದ್ಯುತ್ತಿಗೆ ಅದು ಒಡ್ಡುತ್ತಿದ್ದ ತಡೆಯೇ ಮಾಯವಾಯಿತು. ಈ ಗುಣಕ್ಕೆ ಅತಿವಾಹಕತೆಯೆಂದು ಹೆಸರು. ಹೆಚ್ಚು ವಿದ್ಯುತ್ ಹರಿದರೆ ತಾಮ್ರದ ತಂತಿ ಕಾಯುತ್ತದೆ. ಅತಿವಾಹಕ ತಂತಿ ಕಾಯುವುದಿಲ್ಲ. ತೆಳುವಾದ ಪಟ್ಟಿಯಿಂದಲೇ ಬಲವಾದ ಅಯಸ್ಕಾಂತವನ್ನು ಮಾಡಿ ಡೈನಮೋವನ್ನು ಹಗುರಗೊಳಿಸಬಹುದು. ಅಷ್ಟೊಂದು ತಣಿಸದೆಯೇ, ದ್ರವ ನೈಟ್ರೋಜನ್ನಿನ ತಂಪಿನಲ್ಲಿಯೇ ಈ ಗುಣ ತೋರುವ ವಸ್ತು 1987ರಲ್ಲಿ ದೊರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರು ಇಂಥ ವಸ್ತುಗಳ ಸಂಶೋಧನೆಯಲ್ಲಿ ತೊಡಗಿದ್ದ ಕಾಲವದು.

2018ರ ಕೊನೆಯಲ್ಲಿ ಡೆನ್ಮಾರ್ಕಿನ ಕರಾವಳಿಯಲ್ಲಿ, ನೆಲದ ಮೇಲಿದ್ದ 3.6 ಮೆಗಾವಾಟಿನ ಗಾಳಿಯಂತ್ರವೊಂದಕ್ಕೆ ಅತಿವಾಹಕ ಡೈನಮೋವನ್ನು ಜೋಡಿಸಿದರು. ಎಕೊಸ್ವಿಂಗ್ ಎಂದು ಈ ಪ್ರಯೋಗದ ಹೆಸರು. 2019ರಲ್ಲಿ ಪರೀಕ್ಷೆ ಮುಗಿಯುವ ವೇಳೆಗೆ ಅದು 650 ಗಂಟೆಗೂ ಹೆಚ್ಚು ಕಾಲ ವಿದ್ಯುತ್ ಒದಗಿಸಿತ್ತು.

ಹಗುರವಾದುದೆಲ್ಲ ಅಗ್ಗವಲ್ಲ. ಈ ಪಟ್ಟಿಯ ಬೆಲೆ ಹೆಚ್ಚು. ಇದನ್ನು ತಣ್ಣಗಿಡುವ ಯಂತ್ರ ಕೆಟ್ಟರೆ ಡೈನಮೋವನ್ನೂ ನಿಲ್ಲಿಸಬೇಕು. ರಿಪೇರಿಯವನು ಅಲೆಗಳ ನಡುವೆ ದೋಣಿಯಲ್ಲಿ ಹೋಗಬೇಕು. ಮಳೆಗಾಲದ ರಾತ್ರಿಗಳಲ್ಲಿ ಲೈನ್‌ಮನ್ನನ ದಾರಿ ಕಾದಿರುವ ನಿಮಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ. 650 ಗಂಟೆಗಳೆಂದರೆ ಒಂದು ತಿಂಗಳೂ ಅಲ್ಲ. ಕಡಲಿನ ಯಂತ್ರವಾದರೋ ಇಪ್ಪತ್ತು ಮಳೆಗಾಲಗಳನ್ನಾದರೂ ಕಳೆಯಬೇಕು. ಅತಿವಾಹಕ ಡೈನಮೋ ಗೆಲ್ಲಬೇಕಾದ ಪರೀಕ್ಷೆ ಅದು.