ಬೈಸಿಕಲ್ಲಿನ ಅಭ್ಯಂಜನ

ಬೈಸಿಕಲ್ಲನ್ನು ಹತ್ತುವ ವಿದ್ಯೆಯನ್ನು ಕುರಿತು ಮಾತನಾಡುವವರು ಬಹಳ ಮಂದಿ. ಅದನ್ನು ತೊಳೆಯುವ ವಿದ್ಯೆಯನ್ನು ಕುರಿತು ಮಾತನಾಡುವವರು ವಿರಳ. ಕಾರಣ ಸ್ಪಷ್ಟವಾಗಿದೆ. ಹತ್ತಲು ಕಲಿಯುವವನು ನಾಲ್ಕು ದಿನ ಬೀಳುತ್ತಾನೆ. ತೊಳೆಯುವವನು ದಿನದಿನವೂ ಸೋಲುತ್ತಾನೆ. ಈ ಸೋಲಿನ ಪೂರ್ಣ ಸ್ವಾರಸ್ಯವನ್ನು ಅರಿಯಬೇಕೆನ್ನುವವರು ಬ್ರಹ್ಮಾವರದಿಂದ ಕುಂದಾಪುರದ ಮಾರ್ಗವಾಗಿ ಬೈಂದೂರಿಗೆ ಹೋಗಿ ನೋಡಬೇಕು.

ಅಲ್ಲಿ ಬೈಸಿಕಲ್ಲಿಗೆ ಮೂವರು ವೈರಿಗಳು: ಮಣ್ಣು, ಮಳೆ, ಕಡಲು. ಮಣ್ಣೆಂದರೆ ಮುರಕಲ್ಲಿನ ಮಣ್ಣು. ಬುಕಾನನನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಂಥ ಕಲ್ಲಿಗೇ. ಅದರ ಕೆಂಪಿಗೆ ಕಾರಣ ಗಾಳಿಯ ಆಮ್ಲಜನಕದೊಡನೆ ಕೂಡಿದ ಕಬ್ಬಿಣ. ಎಂದರೆ ಅದು ತುಕ್ಕಿನ ಸಗೋತ್ರ. ನೆಲವೇ ತುಕ್ಕು ಹಿಡಿದಿರುವಲ್ಲಿ ಬೈಸಿಕಲ್ಲೊಂದು ಮಾತ್ರ ಥಳಥಳಿಸಬೇಕೆನ್ನುವುದು ಎಂಥ ಅಹಂಕಾರ! ಇನ್ನು ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು. ಬಟ್ಟೆಯನ್ನು ಹಿಂಡಿ ಒಣಹಾಕುವಷ್ಟರಲ್ಲಿ ನೆರೆಮನೆಯವರು, “ಹ್ವಾಯ್, ಮಳಿ ಬತ್ತ್ ಕಾಣಿ!” ಎಂದು ಕೂಗುತ್ತಾರೆ. ಉಳಿದದ್ದು ಕಡಲು. ಮರವಂತೆಯಲ್ಲಿ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸೌಪರ್ಣಿಕೆ, ನಡುವೆ ರಸ್ತೆ. ನೋಟ ಕವಿಗಳಿಗೆ ಪ್ರಿಯ. ಗಾಳಿಯಲ್ಲಿನ ಉಪ್ಪು ತುಕ್ಕಿಗೆ ಪ್ರಿಯ.

ಈ ವೈರಿಗಳನ್ನು ಎದುರಿಸುವವರಲ್ಲಿ ಎರಡು ಪಂಥಗಳುಂಟು. ಮೊದಲನೆಯದು ತೈಲಪಂಥ. ತೆಂಗಿನ ನಾಡಿನಲ್ಲಿ ಎಣ್ಣೆಗೆ ಬರವೆ? ಹ್ಯಾಂಡಲ್ಲಿನಿಂದ ಹಿಡಿದು ರಿಮ್ಮಿನವರೆಗೆ ಸರ್ವಾಂಗಕ್ಕೂ ಅಭ್ಯಂಜನ ನಡೆಯುತ್ತದೆ. ಮುಂದಿನ ಗಾಲಿಗೆ 32, ಹಿಂದಿನ ಗಾಲಿಗೆ 40. ಹೀಗೆ ಹಳೆಯ ಮಾದರಿಯ ಬೈಸಿಕಲ್ಲಿನ ಕಡ್ಡಿಗಳು ಒಟ್ಟು 72. ಮೇಳಕರ್ತ ರಾಗಗಳೂ ಅಷ್ಟೇ. ಕಡ್ಡಿಗಳನ್ನೆಲ್ಲ ಒರೆಸಿ ಮುಗಿಸುವುದಕ್ಕಿಂತ ರಾಗಗಳನ್ನು ಕಲಿಯುವುದೇ ಸುಲಭವೆಂದು ಅನುಭವಿಗಳ ಮತ. ಆದರೆ ಎಣ್ಣೆ ಕುಡಿದ ರಿಮ್ಮನ್ನು ಬ್ರೇಕು ಹಿಡಿಯಲಾರದು. ಬೈಂದೂರಿನ ಬಳಿಯ ಒತ್ತಿನೆಣೆಯ ಇಳಿಜಾರಿನಲ್ಲಿ ಈ ಸತ್ಯದ ಸಾಕ್ಷಾತ್ಕಾರವಾದರೆ, ಮರುದಿನ ಅಭ್ಯಂಜನ ಬೈಸಿಕಲ್ಲಿಗಲ್ಲ, ಸವಾರನ ಮೊಣಕಾಲಿಗೆ!

ಎರಡನೆಯದು ಜಲಪಂಥ. ಬಾವಿಯಿಂದ ನೀರು ಸೇದಿ ಕೊಡಕೊಡವಾಗಿ ಸುರಿಯುವುದೇ ಇವರ ಧರ್ಮ. ಆ ನೀರು ಕೆಸರನ್ನು ಕಳೆಯುವುದೇನೋ ನಿಜ. ಆದರೆ ಗಾಲಿಯ ನಡುವಣ ಗುಂಡುಗಳ ಮನೆಯನ್ನೂ ಹೊಕ್ಕು ಅಲ್ಲಿಯ ಗ್ರೀಸನ್ನು ಕೆಡಿಸುತ್ತದೆ. ಹೊರಗೆ ಕನ್ನಡಿ, ಒಳಗೆ ಕಿರಿಕಿರಿ. ಮನುಷ್ಯರಲ್ಲಿಯೂ ಇಂಥವರಿಲ್ಲದಿಲ್ಲ.

ಆಯುಧಪೂಜೆಯ ದಿನ ಮಾತ್ರ ಎರಡು ಪಂಥಗಳೂ ಒಂದಾಗುತ್ತವೆ. ಬೈಸಿಕಲ್ಲು ಮಿಂದು, ಕುಂಕುಮವಿಟ್ಟು, ಹೂಮಾಲೆ ಧರಿಸಿ ಮದುವಣಿಗನಂತೆ ನಿಲ್ಲುತ್ತದೆ. ಆ ಹೊತ್ತು ಅದನ್ನು ಹತ್ತಬೇಕೆನ್ನುವವನು ಪಾಪಿ!

ನಗೆ ಹಾಗಿರಲಿ. ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಗಂಗೊಳ್ಳಿಯ ಕಡೆಯಿಂದ ಬಂಗುಡೆ ತರುತ್ತಿದ್ದ ಮೀನಿನವರ ಬೈಸಿಕಲ್ಲನ್ನು ನೆನೆಯಿರಿ. ಪೆಟ್ಟಿಗೆಯಿಂದ ಉಪ್ಪುನೀರು ತೊಟ್ಟಿಕ್ಕಿ ಮಡ್ಗಾರ್ಡಿನ ಮೂಲವರ್ಣವು ಪ್ರಾಚೀನ ಇತಿಹಾಸದ ವಿಷಯವಾಗಿರುತ್ತಿತ್ತು. ಆದರೆ ಸರಪಳಿಗೆ ಎಣ್ಣೆ ತಪ್ಪಬಾರದು, ಬ್ರೇಕು ತಪ್ಪಬಾರದು. ತಪ್ಪಿದರೆ ಬಿಸಿಲೇರಿ ಮೀನು ಕೆಡುತ್ತಿತ್ತು, ಮನೆಯ ಅಂದಿನ ಅನ್ನವೂ ಕೆಡುತ್ತಿತ್ತು. 2006–07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿದಾಗ ಹಳ್ಳಿಯ ಹುಡುಗಿಯರಿಗೆ ದೂರದ ಶಾಲೆ ಹತ್ತಿರವಾಯಿತು. ಆಷಾಢದ ಮಳೆಯಲ್ಲಿ ಸರಪಳಿ ತುಕ್ಕು ಹಿಡಿದು ತುಂಡಾದರೆ ಅದೇ ಶಾಲೆ ಪುನಃ ದೂರವಾಗುತ್ತದೆ.

ಆದುದರಿಂದ ವಿಧಿ ಇಷ್ಟೇ. ಒದ್ದೆ ಬಟ್ಟೆಯಿಂದ ಕೆಸರು ತೆಗೆದು ಒಣಬಟ್ಟೆಯಿಂದ ಒರೆಸಿರಿ. ಸರಪಳಿಯ ಮರಳನ್ನು ಸೀಮೆಎಣ್ಣೆಯಿಂದ ಕಳೆದ ಮೇಲೆಯೇ ಯಂತ್ರದ ಎಣ್ಣೆ ಬಿಡಿರಿ. ಮರಳೂ ಎಣ್ಣೆಯೂ ಕೂಡಿದರೆ ಅದು ಸಾಣೆಯಾಗಿ ಹಲ್ಲುಗಳನ್ನು ತೇಯುತ್ತದೆ. ರಿಮ್ಮಿಗೆ ಎಣ್ಣೆ ಸೋಕದಿರಲಿ. ಇಷ್ಟಾದ ಬಳಿಕ ಹೊಳಪು ಬಂದರೆ ಸಂತೋಷ, ಬಾರದಿದ್ದರೆ ಚಿಂತೆಯಿಲ್ಲ. ಹೊಳಪು ನೋಡುವವರ ಪಾಲು, ಓಟ ಹತ್ತುವವರ ಪಾಲು.